ಮುಸೋಲಿನಿಯ ಉದಯಾಸ್ತ ಮತ್ತು ವಿದ್ಯಾಶಾಲೆ

ಸರ್ವಾಧಿಕಾರಿಯು ತನ್ನೊಬ್ಬನ ಬಲದಿಂದಲೇ ಮೇಲೇರುವುದಿಲ್ಲ. ಅವನಿಗೆ ಬಾಗಿಲು ತೆರೆಯುವವರೂ ಕಂಡೂ ಕಾಣದಂತಿರುವವರೂ ಆ ಏರಿಕೆಗೆ ಮೆಟ್ಟಿಲಾಗುತ್ತಾರೆ. ಇಟಲಿಯ ಬೆನಿಟೊ ಮುಸೋಲಿನಿಯ ಚರಿತ್ರೆ ಇದಕ್ಕೆ ಜ್ವಲಂತ ನಿದರ್ಶನ. ಶಿಕ್ಷಕರಾದವರು ಅದನ್ನು ವಿಶೇಷವಾಗಿ ಮನನ ಮಾಡಬೇಕಾದುದು ಅವಶ್ಯ.

1883ರಲ್ಲಿ ಪ್ರೆದಾಪ್ಪಿಯೊದಲ್ಲಿ ಜನಿಸಿದ ಮುಸೋಲಿನಿಯ ತಂದೆ ಕಮ್ಮಾರ, ತಾಯಿ ಉಪಾಧ್ಯಾಯಿನಿ. ಆತನೂ ಯೌವನದಲ್ಲಿ ಕೆಲಕಾಲ ಮಕ್ಕಳಿಗೆ ಪಾಠ ಹೇಳಿದವನೇ. ಸಮಾಜವಾದಿ ಪತ್ರಿಕೆಯ ಸಂಪಾದಕನಾಗಿ ಪ್ರಸಿದ್ಧನಾಗಿ, ಮೊದಲ ಮಹಾಯುದ್ಧಕ್ಕೆ ಇಟಲಿ ಇಳಿಯಬೇಕೆಂದು ವಾದಿಸಿದ್ದಕ್ಕಾಗಿ 1914ರಲ್ಲಿ ಆ ಪಕ್ಷದಿಂದ ಉಚ್ಚಾಟಿತನಾದನು. ಯುದ್ಧಾನಂತರ ಇಟಲಿಯು ಗೆದ್ದವರ ಪಂಕ್ತಿಯಲ್ಲಿದ್ದರೂ ಬೆಲೆಯೇರಿಕೆ, ನಿರುದ್ಯೋಗ, ಮುಷ್ಕರಗಳಿಂದ ತತ್ತರಿಸುತ್ತಿತ್ತು. ಆ ಸಂಕಟವೇ ಆತನ ಬಂಡವಾಳವಾಯಿತು. 1919ರಲ್ಲಿ ಮಿಲಾನ್ ನಗರದಲ್ಲಿ ಫ್ಯಾಸಿಸ್ಟ್ ಸಂಘ ಹುಟ್ಟಿತು. ಕಪ್ಪಂಗಿಯ ದಳಗಳು ಕಾರ್ಮಿಕ ಸಂಘಗಳ ಕಚೇರಿಗಳನ್ನು ಸುಟ್ಟವು, ಭೂಮಾಲೀಕರು ಹಣವಿತ್ತರು, ಪೊಲೀಸರು ಅನೇಕ ಕಡೆ ಸುಮ್ಮನಿದ್ದರು.

1921ರ ಚುನಾವಣೆಯಲ್ಲಿ ಐನೂರಕ್ಕೂ ಮಿಕ್ಕ ಸ್ಥಾನಗಳ ಪೈಕಿ ಫ್ಯಾಸಿಸ್ಟರಿಗೆ ಲಭಿಸಿದ್ದು ಕೇವಲ 35. ಮರುವರ್ಷ ಅಕ್ಟೋಬರಿನಲ್ಲಿ ಕಪ್ಪಂಗಿಯವರು ರೋಂ ನಗರದತ್ತ ಹೊರಟಾಗ, ಅವರನ್ನು ತಡೆಯುವ ಆಜ್ಞಾಪತ್ರವನ್ನು ಪ್ರಧಾನಿಯು ಸಿದ್ಧಪಡಿಸಿದ್ದರೂ ದೊರೆ ಮೂರನೆಯ ವಿಕ್ಟರ್ ಇಮ್ಯಾನುಯೆಲ್ ಅಂಕಿತ ಹಾಕಲಿಲ್ಲ. ಮುಸೋಲಿನಿ ರೈಲಿನಲ್ಲಿ ಬಂದು ಪ್ರಧಾನಿಯಾದನು. ರಾಜಧಾನಿಯನ್ನು ಆತ ಜಯಿಸಲಿಲ್ಲ. ಅದನ್ನು ಅವನ ಕೈಗೆ ಒಪ್ಪಿಸಲಾಯಿತು.

1924ರಲ್ಲಿ ಚುನಾವಣೆಯ ಅಕ್ರಮಗಳನ್ನು ಸಂಸತ್ತಿನಲ್ಲಿ ನಿರ್ಭಯವಾಗಿ ಖಂಡಿಸಿದ ಮತ್ತೆಯೊತ್ತಿಯನ್ನು ಫ್ಯಾಸಿಸ್ಟರು ಜೂನ್ 10ರಂದು ಅಪಹರಿಸಿ ಕೊಂದರು. ದೇಶವೇ ಬೆಚ್ಚಿತು, ಆದರೂ ದೊರೆ ಮಿಸುಕಲಿಲ್ಲ. 1925ರ ಜನವರಿಯಲ್ಲಿ ಮುಸೋಲಿನಿ ನಡೆದುದಕ್ಕೆಲ್ಲ ತಾನೇ ಹೊಣೆಯೆಂದು ಸಂಸತ್ತಿನಲ್ಲಿಯೇ ಸಾರಿದನು. ತರುವಾಯ ವಿರೋಧ ಪಕ್ಷಗಳು ನಿಷಿದ್ಧವಾದವು.

ಆಮೇಲಿನ ಸರದಿ ಶಾಲೆಯದು. ಬಾಲಕರಿಗೆ ಕಪ್ಪಂಗಿ ತೊಡಿಸಿ ಕವಾಯತು ಕಲಿಸಲಾಯಿತು. ಪ್ರಾಥಮಿಕ ಶಾಲೆಗಳಿಗೆಲ್ಲ ಸರ್ಕಾರವೇ ಒಂದೇ ಪಠ್ಯಪುಸ್ತಕವನ್ನು ವಿಧಿಸಿತು. 1931ರಲ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಫ್ಯಾಸಿಸ್ಟ್ ಪ್ರಭುತ್ವಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕೆಂದು ಆಜ್ಞೆಯಾಯಿತು. ಸುಮಾರು 1,200 ಮಂದಿಯಲ್ಲಿ ಒಲ್ಲೆನೆಂದವರು ಹನ್ನೆರಡರ ಆಸುಪಾಸು. ಪ್ರಾಚೀನ ರೋಮಿನ ಇತಿಹಾಸಕಾರ ಗೇತಾನೊ ದೆ ಸಾಂಕ್ಟಿಸ್ ಅವರಲ್ಲೊಬ್ಬರು. ಅವರು ತಮ್ಮ ಪೀಠವನ್ನೇ ಕಳೆದುಕೊಂಡರು.

ಸಹಿ ಹಾಕಿದವರೆಲ್ಲರೂ ದುರ್ಜನರೆನ್ನಲಾಗದು. ಪೀಠ ತೆರವಾದರೆ ಅಯೋಗ್ಯರು ಬಂದು ಕೂರುವರೆಂದು ಎಣಿಸಿ, ಫ್ಯಾಸಿಸಂನ ವಿರೋಧಿಯೇ ಆಗಿದ್ದ ತತ್ತ್ವಜ್ಞ ಕ್ರೋಚೆಯೂ ಕೆಲವರಿಗೆ ಸಹಿ ಮಾಡುವಂತೆ ಸಲಹೆಯಿತ್ತನು. ಮಕ್ಕಳ ಅನ್ನದ ಚಿಂತೆಯೂ ಹಲವರಿಗಿತ್ತು. ಆದರೆ ಏಳೇ ವರ್ಷಗಳಲ್ಲಿ, 1938ರಲ್ಲಿ, ಯೆಹೂದಿ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಶಾಲೆಗಳಿಂದ ಹೊರಗಟ್ಟಿದಾಗ, ಹೀಗೆ ಉಳಿಸಿಕೊಂಡ ಪೀಠಗಳಲ್ಲಿ ಬಹುಪಾಲು ಮೌನವಾಗಿಯೇ ಇದ್ದವು. ಮೊದಲನೆಯ ಸಹಿ ಎರಡನೆಯ ಮೌನವನ್ನು ಸುಲಭಗೊಳಿಸಿತು.

ದೂರದಿಂದ ನೋಡಿದವರೂ ಮೋಸಹೋದದ್ದುಂಟು. 1926ರಲ್ಲಿ ಇಟಲಿಯ ಅತಿಥಿಯಾಗಿದ್ದ ರವೀಂದ್ರನಾಥ ಠಾಕೂರರ ಮಾತುಗಳನ್ನು ಅಲ್ಲಿನ ಪತ್ರಿಕೆಗಳು ಫ್ಯಾಸಿಸಂನ ಪ್ರಶಂಸೆಯೆಂಬಂತೆ ಪ್ರಕಟಿಸಿದವು. ರೊಮೇನ್ ರೋಲಾರಿಂದಲೂ ದೇಶಭ್ರಷ್ಟರಿಂದಲೂ ನಿಜಸ್ಥಿತಿಯನ್ನು ಅರಿತ ಕವಿಗಳು ಅದೇ ವರ್ಷ ಬ್ರಿಟನ್ನಿನ ಪತ್ರಿಕೆಯಲ್ಲಿ ಬಹಿರಂಗ ಪತ್ರದ ಮೂಲಕ ಅದನ್ನು ಖಂಡಿಸಿದರು. ತಪ್ಪನ್ನು ತಿದ್ದಿಕೊಳ್ಳುವುದು ವಿದ್ಯೆಗೆ ಕುಂದಲ್ಲ, ಭೂಷಣ.

ಆತನು ಜೌಗುನೆಲವನ್ನು ಬತ್ತಿಸಿ ಊರು ಕಟ್ಟಿದನಲ್ಲವೇ ಎಂದು ಕೆಲವರು ಕೇಳುವುದುಂಟು. ಅದು ಸತ್ಯ. ಆದರೆ 1935ರಲ್ಲಿ ಇಥಿಯೋಪಿಯಾದ ಮೇಲೆ ದಂಡೆತ್ತಿ ವಿಷಾನಿಲ ಪ್ರಯೋಗಿಸಿದ್ದೂ ಅದೇ ಕೈ. ಎದುರು ಹೇಳುವವರಿಲ್ಲದ ಅರಸನಿಗೆ ತನ್ನ ದೌರ್ಬಲ್ಯವೂ ತಿಳಿಯದು. 1940ರ ಜೂನ್ 10ರಂದು, ಸಿದ್ಧತೆಯಿಲ್ಲದ ಸೈನ್ಯವನ್ನು ಆತ ಮಹಾಯುದ್ಧಕ್ಕೆ ದೂಡಿದನು. 1943ರ ಜುಲೈಯಲ್ಲಿ ಸ್ವಂತ ಪಕ್ಷದ ಮಹಾಮಂಡಳಿಯೇ ಅವನ ವಿರುದ್ಧ ಮತವಿತ್ತಿತು. ಅಂದು ಅಂಕಿತ ಹಾಕದ ದೊರೆಯೇ ಅವನನ್ನು ಬಂಧಿಸಿದನು. ಜರ್ಮನರು ಬಿಡಿಸಿಕೊಂಡು ಹೋಗಿ ಉತ್ತರ ಇಟಲಿಯಲ್ಲಿ ಕೂರಿಸಿದರೂ, 1945ರ ಏಪ್ರಿಲ್ 28ರಂದು ಪ್ರತಿರೋಧದ ಹೋರಾಟಗಾರರ ಗುಂಡಿಗೆ ಆತ ಬಲಿಯಾದನು. ಮರುದಿನ ಮಿಲಾನಿನ ಚೌಕದಲ್ಲಿ ಆ ದೇಹ ತಲೆಕೆಳಗಾಗಿ ತೂಗಿತು. ಅಷ್ಟರಲ್ಲಿ ಲಕ್ಷಾಂತರ ಜೀವಗಳು ಅಳಿದಿದ್ದವು.

ಅಂತ್ಯದ ಆ ಭೀಕರತೆಯನ್ನು ವರ್ಣಿಸಿ ಪಾಠ ಮುಗಿಸುವುದು ಸುಲಭ. ಆರಂಭವನ್ನು ಗುರುತಿಸಲು ಕಲಿಸುವುದು ಕಷ್ಟ. ತರಗತಿಯಲ್ಲಿ ಎದ್ದುನಿಂತು "ಏಕೆ?" ಎಂದು ಕೇಳುವ ಬಾಲಕನನ್ನು ಗದರಿಸಿ ಕುಳ್ಳಿರಿಸದ ಉಪಾಧ್ಯಾಯನು ಆ ಕಷ್ಟದ ಕೆಲಸವನ್ನು ಮಾಡುತ್ತಿದ್ದಾನೆ. ಅಂಥ ಉಪಾಧ್ಯಾಯನಿಗೆ ಆಸರೆಯಾಗಿ ನಿಲ್ಲುವುದೇ ಆಡಳಿತದವರ ಕರ್ತವ್ಯ, ದಾನಿಗಳ ದಾನಕ್ಕೂ ಸಾರ್ಥಕ್ಯ.