ಪುಕ್ಕಟೆ ಸಲಹೆ, ಫೈಲಿನ ಸಲಹೆ



ಹೋದ ಸಂಚಿಕೆಯ ಅಂಕಣದಲ್ಲಿ ವಿಟಮಿನ್ ಡಿ ಬಗ್ಗೆ ಬರೆದಿದ್ದೆ. ಬಿಸಿಲಿಗೆ ಬರವೇ ಇಲ್ಲದ ಕುವೈತಿನಲ್ಲಿ ಬಿಸಿಲಿನ ವಿಟಮಿನ್ನಿಗೆ ಬರ ಎಂದು ಓದಿ ಹಲವರು ನಕ್ಕರು, ಕೆಲವರು ರಕ್ತ ಪರೀಕ್ಷೆಗೂ ಹೋದರು. ಈ ಸಲ ಸ್ಟೆತಾಸ್ಕೋಪನ್ನು ಕೆಳಗಿಟ್ಟು ಕಂಪ್ಯೂಟರಿನ ವಿಷಯ ಎತ್ತಿಕೊಂಡಿದ್ದೇನೆ. "ಡಾಕ್ಟ್ರೇ, ನಿಮಗ್ಯಾಕೆ ಈ ಉಸಾಬರಿ?" ಎಂದು ನಮ್ಮ ಕೂಟದ ಇಂಜಿನಿಯರುಗಳು ಕೇಳಿಯೇ ಕೇಳುತ್ತಾರೆ. ಕಾರಣ ಇದೆ, ಹೇಳುತ್ತೇನೆ.

ಖೈತಾನಿನಲ್ಲಿ ನಾನು ಕೂರುವ ಕ್ಲಿನಿಕ್ಕು ದೊಡ್ಡದೇನಲ್ಲ. ತಲೆಯ ಮೇಲೆ ವಿಮಾನ, ಕೆಳಗೆ ಬಖಾಲ, ನಡುವೆ ನಾವು. ಬರುವವರು ಹೆಚ್ಚಾಗಿ ಡ್ರೈವರುಗಳು, ದರ್ಜಿಗಳು, ಅಂಗಡಿ ಹುಡುಗರು, ಶಾಲೆಯ ಟೀಚರುಗಳು. ಸಕ್ಕರೆ ಕಾಯಿಲೆಯವನೊಬ್ಬನ ಹತ್ತು ವರ್ಷದ ಕ್ರಿಯಾಟಿನಿನ್ ಅಂಕಿಗಳು ಒಂದೇ ಸಾಲಿನಲ್ಲಿ ಕಂಡರೆ ಅವನ ಕಿಡ್ನಿಯ ಕಥೆ ಗೊತ್ತಾಗುತ್ತದೆ. ಇವತ್ತಿನ ಒಂದೇ ಅಂಕಿಯಿಂದ ಅಷ್ಟು ತಿಳಿಯದು. ಅವನು ಒಂದು ದಿನ ಕೆಲಸ ಬಿಟ್ಟು ಕುಂದಾಪುರಕ್ಕೋ ಕಲಬುರಗಿಗೋ ಹೊರಟಾಗ ಜೊತೆಗೆ ಒಯ್ಯಬೇಕಾದ ಆಸ್ತಿ ಆ ಸಾಲೇ. ಅದೆಲ್ಲ ಇರುವುದು ರಿಸೆಪ್ಷನ್ನಿನ ಹಿಂದಿನ ಸಣ್ಣ ಕೋಣೆಯಲ್ಲಿ ಗುಂಯ್ ಎನ್ನುವ ಒಂದು ಸರ್ವರ್ ಯಂತ್ರದಲ್ಲಿ.

2020ರ ಆರಂಭದಲ್ಲಿ, ಕೋವಿಡ್ ಬಾಗಿಲು ತಟ್ಟುವ ಮುನ್ನ, ಆ ಯಂತ್ರ ಹೊಸದಾಗಿ ಬಂತು. ತಂದುಕೊಟ್ಟವನು, "ಸೆಂಟ್‌ಓಎಸ್ 8 ಹಾಕಿದ್ದೇನೆ ಸಾರ್, ಲಿನಕ್ಸು, ಪುಕ್ಕಟೆ, 2029ರ ತನಕ ತಲೆಬಿಸಿ ಇಲ್ಲ" ಎಂದ. ಪುಕ್ಕಟೆ ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ಮಾಲೀಕರೂ ಏನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅದೇ ಡಿಸೆಂಬರ್ 8ರಂದು ಪ್ರಕಟಣೆ ಹೊರಬಿತ್ತು. ಸೆಂಟ್‌ಓಎಸ್ 8 ಮುಗಿಯುವುದು 2029ಕ್ಕಲ್ಲ, 2021ರ ಡಿಸೆಂಬರ್ 31ಕ್ಕೆ.

ಮುಗಿಯುವುದು ಎಂದರೆ ಯಂತ್ರ ನಿಂತುಬಿಡುವುದಿಲ್ಲ. ಹೊಸದಾಗಿ ಪತ್ತೆಯಾದ ದೋಷಗಳಿಗೆ ತೇಪೆ ಬರುವುದು ನಿಲ್ಲುತ್ತದೆ. ಲಸಿಕೆ ನಿಂತ ಮಗುವಿನ ಹಾಗೆ: ಮರುದಿನವೂ ಆಟವಾಡುತ್ತಿರುತ್ತದೆ, ಏನೂ ಆಗಿಲ್ಲ ಎಂದೇ ಅನಿಸುತ್ತದೆ.

ಈಗ ಸ್ವಲ್ಪ ಹಿಂದಿನ ಕಥೆ. ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸಿನ ತಿರುಳನ್ನು ಬರೆದು ಹಂಚಿದ. ರಿಚರ್ಡ್ ಸ್ಟಾಲ್ಮನ್ ರೂಪಿಸಿದ್ದ ಪರವಾನಗಿಯ ಪ್ರಕಾರ ಯಾರು ಬೇಕಾದರೂ ಅದನ್ನು ತೆರೆದು ನೋಡಬಹುದು, ತಿದ್ದಬಹುದು, ಮಾರಲೂಬಹುದು. ಸರಿ, ಎಲ್ಲರಿಗೂ ಸಿಗುವ ವಸ್ತುವನ್ನು ಮಾರಿ ಬದುಕುವುದು ಹೇಗೆ? ಅಮೆರಿಕದ ರೆಡ್ ಹ್ಯಾಟ್ ಕಂಪನಿ ದಾರಿ ಕಂಡುಕೊಂಡಿತು. 2002ರಿಂದ ವ್ಯಾಪಾರಸ್ಥರಿಗೆಂದೇ ಬೇರೆ ಆವೃತ್ತಿ ತಂದು, ವರ್ಷಕ್ಕಿಷ್ಟು ಎಂದು ಚಂದಾ ಕಟ್ಟಿಸಿಕೊಂಡು, ತೇಪೆಗಳನ್ನೂ ಫೋನಿನ ಆ ಕಡೆ ಒಬ್ಬ ಮನುಷ್ಯನನ್ನೂ ಒದಗಿಸಿತು. ಮಾರಿದ್ದು ಸಾಮಾನನ್ನಲ್ಲ, ಇಷ್ಟು ವರ್ಷ ನೋಡಿಕೊಳ್ಳುತ್ತೇವೆ ಎಂಬ ಮಾತನ್ನು.

ಇದು ನನಗೆ ಅರ್ಥವಾದದ್ದು ಕೂಟದ ಹಬ್ಬದ ಊಟಗಳಿಂದ. ಬಾಳೆಲೆ ಹಾಸುವ ಮೊದಲೇ ಅಲ್ಲಿ ನನ್ನ ಹೊರರೋಗಿ ವಿಭಾಗ ಶುರುವಾಗಿರುತ್ತದೆ. ಒಂದು ಕೈಯಲ್ಲಿ ಕೋಸಂಬರಿ ತಟ್ಟೆ, ಇನ್ನೊಂದರಲ್ಲಿ ಲ್ಯಾಬ್ ರಿಪೋರ್ಟು. ಸಲಹೆ ಕೊಡುತ್ತೇನೆ, ಬೇಜಾರಿಲ್ಲ, ಸಲಹೆ ಸುಳ್ಳೂ ಅಲ್ಲ. ಆದರೆ ಫೈಲು ತೆರೆಯುವುದಿಲ್ಲ, ಮೂರು ತಿಂಗಳ ಬಳಿಕ "ಯಾಕೆ ಬರಲಿಲ್ಲ?" ಎಂದು ಫೋನು ಮಾಡುವುದಿಲ್ಲ. ಕ್ಲಿನಿಕ್ಕಿನಲ್ಲಿ ದಿನಾರು ಕೊಡುವವನಿಗೂ ಹೇಳುವುದು ಅದೇ ಔಷಧಿಯನ್ನು. ಅವನು ಹಣ ಕೊಡುವುದು ಫೈಲಿಗೆ.

ಮಾತು ಮಾರುವ ಅಂಗಡಿಗಳು ಒಂದೆರಡಲ್ಲ. ಜರ್ಮನಿಯ ಸೂಸೆಯನ್ನು ನೋವೆಲ್ ಕಂಪನಿ 21 ಕೋಟಿ ಡಾಲರಿಗೆ ಕೊಂಡು 2004ರಲ್ಲಿ ತನ್ನದಾಗಿಸಿಕೊಂಡಿತು. ಆಮೇಲೆ ಅದು 2011ರಲ್ಲಿ, 2014ರಲ್ಲಿ, 2019ರಲ್ಲಿ ಒಡೆಯರನ್ನು ಬದಲಿಸಿತು, ನಮ್ಮ ಖೈತಾನಿನ ಬಾಡಿಗೆದಾರರ ಹಾಗೆ. 2004ರ ಅಕ್ಟೋಬರಿನಲ್ಲಿ ಮಾರ್ಕ್ ಶಟಲ್‌ವರ್ತ್ ಅವರ ಕೆನಾನಿಕಲ್ ಕಂಪನಿ ಉಬುಂಟು ತಂದಿತು. ಕೇಳಿದವರ ಮನೆಗೆ ಸೀಡಿಯನ್ನು ಅಂಚೆ ಖರ್ಚೂ ಇಲ್ಲದೆ ಕಳಿಸುತ್ತಿದ್ದರು, 2011ರ ತನಕ. 2006ರಲ್ಲಿ ಒರಾಕಲ್‌ನ ಲ್ಯಾರಿ ಎಲಿಸನ್ ಎದ್ದು ನಿಂತು, ರೆಡ್ ಹ್ಯಾಟಿನದೇ ಲಿನಕ್ಸಿಗೆ ಅದರ ಅರ್ಧಕ್ಕಿಂತ ಕಡಿಮೆ ದರದಲ್ಲಿ ನಾವು ಸೇವೆ ಕೊಡುತ್ತೇವೆ ಎಂದ. ಎದುರು ಅಂಗಡಿಯವನು ನಿಮ್ಮ ರೋಗಿಗಳಿಗೆ ನಿಮ್ಮದೇ ಚೀಟಿ ಬರೆದುಕೊಟ್ಟರೆ ಹೇಗಿರುತ್ತದೆ, ಊಹಿಸಿ! 2010ರ ಕೊನೆಯಿಂದ ರೆಡ್ ಹ್ಯಾಟ್ ತನ್ನ ತಿರುಳಿನ ತಿದ್ದುಪಡಿಗಳನ್ನು ಬಿಡಿಬಿಡಿಯಾಗಿ ಕೊಡುವುದನ್ನು ಬಿಟ್ಟು ಒಟ್ಟಿಗೆ ಬೆರೆಸಿ ಕೊಡತೊಡಗಿತು. ಅಂದರೆ ಸಾರಿನ ಪುಡಿ ಕೊಟ್ಟರು, ಯಾವ ಸಾಮಾನು ಎಷ್ಟು ಎಂಬ ಪಟ್ಟಿ ಕೊಡಲಿಲ್ಲ.

ಸೆಂಟ್‌ಓಎಸ್ ಈ ಪೈಕಿ ಜೆನೆರಿಕ್ ಮಾತ್ರೆ. ರೆಡ್ ಹ್ಯಾಟ್ ಪ್ರಕಟಿಸಿದ ಮೂಲವನ್ನೇ ತೆಗೆದುಕೊಂಡು, ಹೆಸರು ಮತ್ತು ಲಾಂಛನ ಕಿತ್ತು, 2004ರಿಂದ ಉತ್ಸಾಹಿಗಳು ಉಚಿತವಾಗಿ ಹಂಚುತ್ತಿದ್ದರು. ಅದೇ ಮೆಟ್‌ಫಾರ್ಮಿನ್, ಬೇರೆ ಡಬ್ಬಿ. 2014ರಲ್ಲಿ ರೆಡ್ ಹ್ಯಾಟ್ ಆ ಯೋಜನೆಯನ್ನೇ ತನ್ನ ಮನೆಯೊಳಗೆ ಕರೆದುಕೊಂಡಿತು. 2019ರಲ್ಲಿ ಐಬಿಎಂ 3,400 ಕೋಟಿ ಡಾಲರು ಕೊಟ್ಟು ರೆಡ್ ಹ್ಯಾಟನ್ನು ಕೊಂಡಿತು. ಮರುವರ್ಷವೇ ನಾನು ಮೇಲೆ ಹೇಳಿದ ಪ್ರಕಟಣೆ.

ಜೆನೆರಿಕ್ ಎಂದೆನಲ್ಲ, ಆ ಹೋಲಿಕೆ ಒಂದು ಕಡೆ ಮುರಿಯುತ್ತದೆ. ಮೆಟ್‌ಫಾರ್ಮಿನ್ ತಯಾರಿಸುವವನಿಗೆ ಸೂತ್ರ ಒಮ್ಮೆ ಸಿಕ್ಕರೆ ಮುಗಿಯಿತು, ಮೂಲ ಕಂಪನಿ ಮುನಿಸಿಕೊಂಡರೂ ಅವನ ಮಾತ್ರೆ ಕೆಲಸ ಮಾಡುತ್ತದೆ. ಇಲ್ಲಿ ಸೂತ್ರ ತಿಂಗಳು ತಿಂಗಳು ಬದಲಾಗುತ್ತಿರುತ್ತದೆ. ದೊಡ್ಡವನು ಪ್ರತಿ ಸಲವೂ ಕೊಡುತ್ತಿದ್ದರೆ ಮಾತ್ರ ಚಿಕ್ಕವನ ಬದುಕು. ನಮ್ಮ ರೋಗಿಗಳ ಹತ್ತು ವರ್ಷದ ಸಾಲು ನಿಂತದ್ದು ಬೇರೊಬ್ಬರ ಔದಾರ್ಯದ ಮೇಲೆ, ಅದೂ ನಮಗೆ ಗೊತ್ತಿಲ್ಲದೆ.

ಆಗ ಕೈಹಿಡಿದವನು ನಮ್ಮ ಕೂಟದ ಒಬ್ಬ ಹುಡುಗ, ಮಂಗಳೂರು ಕಡೆಯವನು. ಅಷ್ಟರಲ್ಲಿ ಹೊಸ ಜೆನೆರಿಕ್‌ಗಳು ಹುಟ್ಟಿದ್ದವು. ಸೆಂಟ್‌ಓಎಸ್ ಕಟ್ಟಿದವರಲ್ಲಿ ಒಬ್ಬರಾದ ಗ್ರೆಗರಿ ಕರ್ಟ್‌ಜರ್ ತಮ್ಮ ತೀರಿಹೋದ ಜೊತೆಗಾರನ ಹೆಸರಿನಲ್ಲಿ ರಾಕಿ ಲಿನಕ್ಸ್ ಶುರುಮಾಡಿದ್ದರು. ಆಲ್ಮಾಲಿನಕ್ಸ್ 2021ರ ಮಾರ್ಚಿನಲ್ಲೇ ಬಂದಿತ್ತು. ರೆಡ್ ಹ್ಯಾಟ್ ಕೂಡ 16 ಯಂತ್ರಗಳ ತನಕ ಹಣವಿಲ್ಲದೆ ಬಳಸಿ ಎಂದಿತ್ತು, ಆದರೆ ವ್ಯಕ್ತಿಯ ಹೆಸರಿನಲ್ಲಿ. "ನನ್ನ ಹೆಸರಿಗೇ ಮಾಡಿಸಲೇ ಸಾರ್?" ಎಂದು ಹುಡುಗ ಕೇಳಿದ. ಕುವೈತಿನಲ್ಲಿ ಇಷ್ಟು ವರ್ಷ ಇದ್ದವನು ನಾನು. ಯಾರ ವೀಸಾ ಯಾವತ್ತು ಮುಗಿಯುತ್ತದೋ ಬಲ್ಲವರಾರು? ಬೇಡ ಎಂದೆ.

ಒಂದು ಶುಕ್ರವಾರ ರಾತ್ರಿ ಹುಡುಗ ಮೊದಲು ಎರಡು ಡಿಸ್ಕುಗಳಿಗೆ ನಕಲು ಮಾಡಿಕೊಂಡು, ಆಮೇಲೆ ಯಂತ್ರವನ್ನು ಆಲ್ಮಾಕ್ಕೆ ತಿರುಗಿಸಿದ. ನಾನು ಥರ್ಮಾಸಿನಲ್ಲಿ ಚಹಾ ಹಿಡಿದು, ಹೆರಿಗೆ ಕೋಣೆಯ ಹೊರಗಿನ ಗಂಡನಂತೆ ಕೂತಿದ್ದೆ. ಮತ್ತೆ ಪರದೆ ಬೆಳಗಿದಾಗ ನಾನು ಮೊದಲು ಹುಡುಕಿದ್ದು ಒಬ್ಬ ದರ್ಜಿಯ ಕ್ರಿಯಾಟಿನಿನ್ನನ್ನು. ಸಾಲು ಪೂರ್ತಿ ಇತ್ತು.

2023ರ ಜೂನಿನಲ್ಲಿ ಇನ್ನೊಂದು ಸುದ್ದಿ. ರೆಡ್ ಹ್ಯಾಟ್ ತನ್ನ ವ್ಯಾಪಾರಿ ಆವೃತ್ತಿಯ ಮೂಲವನ್ನು ಇನ್ನು ಮುಂದೆ ಗ್ರಾಹಕರಿಗೆ ಮಾತ್ರ ಕೊಡುತ್ತೇನೆ ಎಂದಿತು. ಪರವಾನಗಿಗೆ ವಿರುದ್ಧ ಎಂದು ಕೆಲವರು ಕೂಗಾಡಿದರು. ಆ ಪರವಾನಗಿ ಹೇಳುವುದು ತಂತ್ರಾಂಶ ಪಡೆದವನಿಗೆ ಮೂಲವನ್ನೂ ಕೊಡು ಎಂದು, ಬೀದಿಗೆಲ್ಲ ಹಂಚು ಎಂದಲ್ಲ. ಪಡೆದವನು ಹಂಚಿದರೆ ಮುಂದಿನ ವರ್ಷದ ಚಂದಾ ಸಿಗದೇ ಹೋಗಬಹುದು, ಗಂಟು ಇರುವುದು ಅಲ್ಲಿ. ಆಗಸ್ಟಿನಲ್ಲಿ ಒರಾಕಲ್, ಸೂಸೆ ಮತ್ತು ಕರ್ಟ್‌ಜರ್ ಅವರ ಸಿಐಕ್ಯೂ ಕಂಪನಿ ಸೇರಿ ಓಪನ್ಇಎಲ್ಎ ಎಂಬ ಕೂಟ ಕಟ್ಟಿಕೊಂಡು ತಾವೇ ಮೂಲ ಒದಗಿಸುವುದಾಗಿ ಹೇಳಿದವು. ಆಲ್ಮಾ, ಅಚ್ಚೊತ್ತಿದಂತೆ ನಕಲು ಮಾಡುವ ಹಟ ಬಿಟ್ಟು, ಹೊಂದಿಕೆಯಾದರೆ ಸಾಕು ಎಂಬ ದಾರಿ ಹಿಡಿಯಿತು.

ರೆಡ್ ಹ್ಯಾಟನ್ನು ಬೈಯುವುದು ಸುಲಭ. ಆದರೆ ದೋಷ ಹುಡುಕಿ ತೇಪೆ ಹಾಕುವವರಿಗೆ ಸಂಬಳ ಯಾರು ಕೊಡಬೇಕು? ರೆಡ್ ಹ್ಯಾಟ್, ಸೂಸೆ, ಒರಾಕಲ್ ಎಲ್ಲಕ್ಕೂ ಬೆಂಗಳೂರಿನಲ್ಲಿ ಕಚೇರಿಗಳಿವೆ, ಆ ಚಂದಾ ಹಣದಲ್ಲಿ ನಮ್ಮಂಥ ಮನೆಗಳ ಮಕ್ಕಳ ಸಂಬಳವೂ ಇದೆ. ನೀವು ಲಿನಕ್ಸಿನಲ್ಲಿ ಕನ್ನಡ ಓದಿದ್ದರೆ ಲೋಹಿತ್ ಕನ್ನಡ ಅಕ್ಷರ ಕಂಡಿರುತ್ತೀರಿ. ಅದು ರೆಡ್ ಹ್ಯಾಟ್ ಪೋಷಣೆಯಲ್ಲಿ ಬೆಳೆದು ಎಲ್ಲರಿಗೂ ಉಚಿತವಾದದ್ದು. ಕಾಸರಗೋಡಿನ ರೋಗಿಯೊಬ್ಬರು, "ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುವುದೇ ಪುಕ್ಕಟೆ ಲಿನಕ್ಸು" ಎಂದು ನನ್ನನ್ನು ತಡೆದರು. ನಿಜವೇ. ಆದರೆ ಕೇರಳದಲ್ಲಿ ಅದರ ಹಿಂದೆ 2001ರಿಂದ ಸರಕಾರದ ಐಟಿ@ಸ್ಕೂಲ್ ಇತ್ತು, 2017ರಿಂದ ಅದೇ ಕೈಟ್ ಸಂಸ್ಥೆಯಾಗಿದೆ. ಉಬುಂಟುವನ್ನು ಶಾಲೆಗೆ ತಕ್ಕಂತೆ ಹೊಂದಿಸಿ, ಶಿಕ್ಷಕರಿಗೆ ತರಬೇತಿ ಕೊಟ್ಟು ನೋಡಿಕೊಳ್ಳುವವರು ಅವರು. ಅಲ್ಲಿ ಫೈಲು ಇದೆ, ಹಣ ಕಟ್ಟುವವರು ತೆರಿಗೆದಾರರು, ಅಷ್ಟೇ. ನಮ್ಮ ಕ್ಲಿನಿಕ್ಕಿಗೆ ಅಂಥ ಸರಕಾರ ಇರಲಿಲ್ಲ.

ಕಡೆಗೆ ಮಾಲೀಕರೊಂದಿಗೆ ಕೂತೆ. ರಿಸೆಪ್ಷನ್, ಫಾರ್ಮಸಿ ಕಂಪ್ಯೂಟರುಗಳು ಕೆಟ್ಟರೆ ಒಂದು ದಿನ ಕೈಬರಹದಲ್ಲಿ ಸಾಗೀತು, ಅವು ಪುಕ್ಕಟೆ ಲಿನಕ್ಸಿನಲ್ಲೇ ಇರಲಿ. ರೋಗಿಗಳ ದಾಖಲೆ ಇರುವ ಯಂತ್ರಕ್ಕೆ ಮಾತ್ರ ಚಂದಾ, ಅದೂ ಕ್ಲಿನಿಕ್ಕಿನ ಹೆಸರಿನಲ್ಲಿ. ಮಾಲೀಕರು ದಿನಾರು ಲೆಕ್ಕ ಹಾಕಿ ನಿಟ್ಟುಸಿರು ಬಿಟ್ಟರು, ಸಹಿ ಹಾಕಿದರು. ಯಾವ ಕಂಪನಿಗೆ ಎಂದು ಬರೆದರೆ ಜಾಹೀರಾತಾದೀತು, ಸಂಪಾದಕರು ಅರ್ಧ ಪುಟದ ದರ ಕೇಳಿಯಾರು. ಎರಡು ಡಿಸ್ಕುಗಳಲ್ಲಿ ಒಂದು ಈಗಲೂ ಪ್ರತಿ ಗುರುವಾರ ಸಂಜೆ ನನ್ನ ಊಟದ ಬ್ಯಾಗಿನಲ್ಲಿ ಮನೆಗೆ ಬರುತ್ತದೆ, ಬೀಗ ಹಾಕಿದ ಡಬ್ಬಿಯಲ್ಲಿ. ಮೊಸರನ್ನದ ಡಬ್ಬಿ ಎಂದುಕೊಂಡು ನನ್ನ ಹೆಂಡತಿ ಒಮ್ಮೆ ಸಿಂಕಿನ ಬಳಿ ಇಟ್ಟಿದ್ದಳು.

ಆ ಹುಡುಗ ಕುವೈತ್ ಬಿಟ್ಟು ಈಗ ಕೆನಡಾದಲ್ಲಿದ್ದಾನೆ. ಹೋದ ಯುಗಾದಿಗೆ ಫೋನು ಮಾಡಿ, "ಸಾರ್, ಯಂತ್ರ ಹೇಗಿದೆ?" ಎಂದ. ಆರೋಗ್ಯವಾಗಿದೆ, ಚಂದಾ ಕಟ್ಟಿದ್ದೇವೆ ಎಂದೆ. ಸ್ವಲ್ಪ ತಡೆದು, "ಅಂದ ಹಾಗೆ ಸಾರ್, ಊರಲ್ಲಿ ಅಪ್ಪನಿಗೆ ಬಿಪಿ ಜಾಸ್ತಿಯಂತೆ, ಮಾತ್ರೆ ಬದಲಿಸಬಹುದಾ?" ಎಂದ. ಹಳೆಯ ರಿಪೋರ್ಟುಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ವಾಟ್ಸ್‌ಆ್ಯಪ್ ಮಾಡು ಎಂದು ಹೇಳಿ, ಅಪ್ಪನ ಹೆಸರು ಬರೆದುಕೊಂಡೆ.