ಗ್ಯಾಸ್ ಬರ್ತಿಲ್ವಾ? ಸಗಣಿಗೆ ಬೈಯೋ ಮುಂಚೆ ಪೈಪ್ ನೋಡಿ

ಗೋಬರ್ ಗ್ಯಾಸ್ ಒಲೆಯ ಉರಿ ಸಣ್ಣಗಾದ್ರೆ ನಮ್ಮವರು ಮೊದಲು ಬೈಯುವುದು ಸಗಣಿಗೆ, ಆಮೇಲೆ ಗುಂಡಿ ಕಟ್ಟಿದ ಮೇಸ್ತ್ರಿಗೆ. ಕೊನೆಗೆ ಗುಂಡಿಯನ್ನೇ ಬಿಟ್ಟು ಸಿಲಿಂಡರ್ ತರ್ತಾರೆ. ನನಗಿದು ಒಪ್ಪಿಗೆಯಿಲ್ಲ. 2 ಘನ ಮೀಟರ್ ಘಟಕಕ್ಕೆ ದಿನಾ ಸುಮಾರು 50 ಕೆ.ಜಿ. ಸಗಣಿ, ಅಷ್ಟೇ ನೀರು ಹಾಕ್ತಿದ್ದೂ ಉರಿ ಇಲ್ಲ ಅಂದ್ರೆ ನನ್ನ ಮೊದಲ ಅನುಮಾನ ಸೋರಿಕೆ ಮೇಲೆ.

ಗ್ಯಾಸ್ ತುಂಬಿರುವಾಗ ಒಲೆಯ ನಾಬ್ ಮುಚ್ಚಿ, ಗುಮ್ಮಟದ ಮೇಲಿನ ವಾಲ್ವ್ ತೆರೆದಿಡಿ. ಸೋಪಿನ ನೊರೆಯನ್ನು ಬ್ರಷ್‌ನಿಂದ ಪ್ರತಿ ಜಾಯಿಂಟಿಗೂ, ವಾಲ್ವಿನ ಸುತ್ತಲೂ, ಒಲೆಯ ರಬ್ಬರ್ ಟ್ಯೂಬಿಗೂ ಹಚ್ಚಿ. ಗುಳ್ಳೆ ಎದ್ದ ಜಾಗವೇ ಸೋರುವ ಜಾಗ. ಮರೆಯುಳ್ಳ ಜಾಯಿಂಟಾದ್ರೆ ಬಿಚ್ಚಿ ಟೆಫ್ಲಾನ್ ಟೇಪ್ ಸುತ್ತಿ ಬಿಗಿ ಮಾಡಿ. ಬಿರುಕು ಬಿಟ್ಟ ಟ್ಯೂಬಿಗೆ ಮಾತ್ರ ಟೇಪ್ ಸುತ್ತೋ ಜುಗ್ಗತನ ಬೇಡ, ಹೊಸದು ಹಾಕಿ. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕೋ ಧೈರ್ಯವಂತರೂ ಇದ್ದಾರೆ! ಒಳಗಿರೋದು ಮೀಥೇನ್ ಕಣ್ರೀ.

ಉರಿ ಕುಣಿದಾಡ್ತಿದ್ರೆ ಅದು ಬೇರೆ ಕತೆ: ಪೈಪಿನಲ್ಲಿ ನೀರು ಕೂತಿರುತ್ತೆ, ತಗ್ಗಿನಲ್ಲಿರೋ ನಲ್ಲಿ ಬಿಚ್ಚಿ ಹರಿಸಿ.

ಪೈಪಿನಲ್ಲಿ ಎಲ್ಲೂ ಗುಳ್ಳೆ ಬರದಿದ್ರೆ ದೀನಬಂಧು ಮಾದರಿಯ ಗುಮ್ಮಟದಲ್ಲೇ ಬಿರುಕಿರಬಹುದು. ಅದಕ್ಕೆ ಗುಂಡಿ ಖಾಲಿ ಮಾಡಿ ಒಳಗಿನಿಂದ ಗಿಲಾವು ಹಾಕಬೇಕು. ಆದ್ರೆ ನೀವಾಗಿಯೇ ಇಳಿಯಬೇಡಿ. ಖಾಲಿ ಗುಂಡಿಯಲ್ಲೂ ಕೆಟ್ಟ ಗಾಳಿ ಉಳಿದಿರುತ್ತೆ, ಉಸಿರುಗಟ್ಟಿ ಜೀವ ಹೋಗುತ್ತೆ. ಈ ಕೆಲಸ ಗೊತ್ತಿರೋ ಮೇಸ್ತ್ರಿಯನ್ನೇ ಕರೆಸಿ.