ನಮ್ಮ ಮಕ್ಕಳ ಇಂಗ್ಲಿಷ್ ವಾಕ್ಯಗಳು ಏಕೆ ನಿಲ್ಲುವುದಿಲ್ಲ?

ಇಂಗ್ಲಿಷ್ ಉತ್ತರಪತ್ರಿಕೆಗಳನ್ನು ತಿದ್ದಿದ ಅಧ್ಯಾಪಕರಿಗೆಲ್ಲ ಪರಿಚಿತವಾದ ದೋಷವೊಂದುಂಟು. ವಾಕ್ಯವು ಮುಗಿಯಬೇಕಾದಲ್ಲಿ ಮುಗಿಯದೆ ಮುಂದಿನ ವಾಕ್ಯದೊಳಕ್ಕೆ ಹರಿದುಹೋಗುತ್ತದೆ. ಎರಡರ ನಡುವೆ ಯಾವ ಚಿಹ್ನೆಯೂ ಇರುವುದಿಲ್ಲ. ಇದ್ದರೆ ಬರಿಯ ಒಂದು ಅಲ್ಪವಿರಾಮ. ಇದಕ್ಕೆ 'ರನ್-ಆನ್' ಎಂದು ಹೆಸರಿಟ್ಟು, ಕೆಂಪು ಶಾಯಿಯಿಂದ ಗೆರೆ ಎಳೆದು, ವಿದ್ಯಾರ್ಥಿಯ ಅಜಾಗರೂಕತೆಯೆಂದು ತೀರ್ಮಾನಿಸಿ ನಾವು ಮುಂದೆ ಸಾಗುತ್ತೇವೆ. ಈ ತೀರ್ಮಾನ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಬಾಲಕನು ಚೆನ್ನಾಗಿ ಕಲಿತ ಕನ್ನಡವೇ ಈ ದೋಷದ ಮೂಲ.

ನಾನು ಮೊದಲು ಸೇವೆಗೆ ಸೇರಿದ ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ತನ್ನೂರಿನ ಜಾತ್ರೆಯ ಮೇಲೆ ಪ್ರಬಂಧ ಬರೆದಿದ್ದ. ಎಂಟು ಸಾಲಿಗೆ ಒಂದೇ ಪೂರ್ಣವಿರಾಮ. ಅರ್ಧದಷ್ಟು ಅಂಕಗಳನ್ನು ಕಳೆದೆ. ಅವನು ಎದ್ದುನಿಂತು, "ಗುರುಗಳೇ, ಕನ್ನಡದಲ್ಲಿ ಹೀಗೆಯೇ ಬರೆದಿದ್ದಕ್ಕೆ ಪಂಡಿತರು ಪೂರ್ತಿ ಅಂಕ ಕೊಟ್ಟಿದ್ದಾರೆ" ಎಂದ. ಉತ್ತರ ತಿಳಿಯದೆ ಅವನನ್ನು ಗದರಿಸಿ ಕೂರಿಸಿದೆ. ಆ ಬಳಿಕ ಅವನ ಇಂಗ್ಲಿಷಿನಲ್ಲಿ ನಾಲ್ಕು ಪದಗಳನ್ನು ಮೀರಿದ ವಾಕ್ಯವನ್ನೇ ನಾನು ಕಾಣಲಿಲ್ಲ. ತಪ್ಪುಗಳು ನಿಂತವು, ಅವುಗಳೊಡನೆ ಜಾತ್ರೆಯೂ ತೇರೂ ಅವನ ಬರಹದಿಂದ ಮಾಯವಾದವು.

ಪಂಡಿತರು ಪೂರ್ತಿ ಅಂಕ ಕೊಟ್ಟುದು ನ್ಯಾಯವಾಗಿಯೇ ಇತ್ತು. 'ಜಾತ್ರೆಗೆ ಹೋಗಿ, ತೇರನ್ನು ನೋಡಿ, ಬೆಂಡು ಬತ್ತಾಸು ಕೊಂಡು, ಕಳೆದುಹೋದ ತಮ್ಮನನ್ನು ಹುಡುಕಿ ಮನೆಗೆ ಕರೆತಂದೆವು' ಎಂಬುದು ನಿರ್ದುಷ್ಟವಾದ ಒಂದೇ ವಾಕ್ಯ. ಹೋಗಿ, ನೋಡಿ, ಕೊಂಡು, ಹುಡುಕಿ ಇವೆಲ್ಲ ಅಪೂರ್ಣ ಕ್ರಿಯೆಗಳು. 'ಕರೆತಂದೆವು' ಒಂದೇ ಪೂರ್ಣಕ್ರಿಯಾಪದ. ಮಾತು ಇನ್ನೂ ಮುಗಿದಿಲ್ಲವೆಂದು ಆ 'ಇ'ಕಾರ, 'ಉ'ಕಾರಗಳೇ ಓದುಗನಿಗೆ ತಿಳಿಸುತ್ತವೆ. ಹುಡುಗನು ಇದನ್ನು ಇಂಗ್ಲಿಷಿಗೆ ತರುವಾಗ 'ಹೋಗಿ' ಎಂಬುದು 'ವಿ ವೆಂಟ್' ಆಗುತ್ತದೆ, 'ನೋಡಿ' ಎಂಬುದು 'ವಿ ಸಾ' ಆಗುತ್ತದೆ. ಅಪೂರ್ಣವಾಗಿದ್ದ ಪ್ರತಿಯೊಂದು ಕ್ರಿಯೆಯೂ ಅವನಿಗೆ ಅರಿವಿಲ್ಲದೆ ಪೂರ್ಣಗೊಂಡು, ಕರ್ತೃಸಹಿತವಾದ ಸ್ವತಂತ್ರ ವಾಕ್ಯವಾಗಿಬಿಡುತ್ತದೆ. ಅವನ ಕಿವಿಗೆ ಮಾತ್ರ ಅದು ಇನ್ನೂ ಒಂದೇ ವಾಕ್ಯ.

ಇನ್ನೊಂದು ತೊಡಕೂ ಉಂಟು. 'ಬಸ್ಸು ಬರಲಿಲ್ಲ, ನಾವು ನಡೆದೇ ಶಾಲೆಗೆ ಹೋದೆವು' ಎಂದು ಎರಡು ಪೂರ್ಣ ವಾಕ್ಯಗಳನ್ನು ಅಲ್ಪವಿರಾಮದಿಂದ ಜೋಡಿಸುವುದನ್ನು ಕನ್ನಡವು ಸಹಜವಾಗಿಯೇ ಒಪ್ಪುತ್ತದೆ. 'ದಿ ಬಸ್ ಡಿಡ್ ನಾಟ್ ಕಮ್, ವಿ ವಾಕ್ಡ್ ಟು ಸ್ಕೂಲ್' ಎಂಬುದನ್ನು ಇಂಗ್ಲಿಷ್ ಒಪ್ಪುವುದಿಲ್ಲ.

ಇಂತಹ ಹುಡುಗನಿಗೆ ನಾವು ಹೇಳಿಕೊಡುವ ನಿಯಮವಾದರೂ ಯಾವುದು? 'ಉಸಿರು ನಿಲ್ಲಿಸುವಲ್ಲಿ ಅಲ್ಪವಿರಾಮ ಹಾಕು.' ಇದು ಬಹಳ ಹಳೆಯ ಉಪದೇಶ. ರಾಬರ್ಟ್ ಲೌತ್ ೧೭೬೨ರಲ್ಲಿ ಪ್ರಕಟಿಸಿದ ವ್ಯಾಕರಣದಲ್ಲಿ ಅಲ್ಪವಿರಾಮದ ಎರಡರಷ್ಟು ಕಾಲ ಅರ್ಧವಿರಾಮಕ್ಕೆ, ಅದರ ಎರಡರಷ್ಟು ಕೋಲನ್ನಿಗೆ, ಅದರ ಎರಡರಷ್ಟು ಪೂರ್ಣವಿರಾಮಕ್ಕೆ ಎಂದು, ತಾಳದ ಲೆಕ್ಕದಂತೆ ವಿಧಿಸಲಾಗಿದೆ. ಗಟ್ಟಿಯಾಗಿ ಓದುವವರಿಗೆ ಅದು ಒಪ್ಪುವ ಮಾತು. ಆದರೆ ಇಂದಿನ ಇಂಗ್ಲಿಷಿನಲ್ಲಿ ವಿರಾಮಚಿಹ್ನೆಯು ಮುಖ್ಯವಾಗಿ ವಾಕ್ಯರಚನೆಯನ್ನು ಅನುಸರಿಸುತ್ತದೆ. ವಿಲಿಯಮ್ ಸ್ಟ್ರಂಕ್ ೧೯೧೮ರ ತಮ್ಮ ಕಿರುಹೊತ್ತಗೆಯಲ್ಲಿ ಸ್ವತಂತ್ರ ವಾಕ್ಯಗಳನ್ನು ಅಲ್ಪವಿರಾಮದಿಂದ ಮಾತ್ರ ಜೋಡಿಸಕೂಡದೆಂದು ಸ್ಪಷ್ಟವಾಗಿ ನಿಯಮಿಸಿದರು. ಚಿಕ್ಕವೂ ಸಮಾನರೂಪದವೂ ಆದ ವಾಕ್ಯಗಳಿಗೆ ಅವರೂ ವಿನಾಯಿತಿ ಕೊಟ್ಟರು. ಜೂಲಿಯಸ್ ಸೀಸರನದೆಂದು ಪ್ರಸಿದ್ಧವಾದ ಮೂರು ಪದಗಳ ವಿಜಯವಾರ್ತೆ ಇಂಗ್ಲಿಷಿನಲ್ಲಿ ಅಲ್ಪವಿರಾಮಗಳ ಮೇಲೆಯೇ ನಡೆಯುತ್ತದೆ. ನಮ್ಮ ಹುಡುಗರಿಗೆ ಸೀಸರನ ಸಲಿಗೆ ಸದ್ಯಕ್ಕೆ ಬೇಡ.

ಆದುದರಿಂದ ಉಸಿರನ್ನು ಬಿಟ್ಟು ಕ್ರಿಯಾಪದವನ್ನು ಎಣಿಸಲು ಕಲಿಸಬೇಕು. ತನ್ನದೇ ಕರ್ತೃವಿನೊಡನೆ ಕಾಲವನ್ನು ಸೂಚಿಸುವ ಎರಡನೆಯ ಕ್ರಿಯಾಪದ ಬಂದೊಡನೆ, ಇವೆರಡನ್ನು ಕೂಡಿಸಿರುವುದು ಯಾವುದು ಎಂದು ವಿದ್ಯಾರ್ಥಿಯು ಕೇಳಿಕೊಳ್ಳಲಿ. ಏನೂ ಇಲ್ಲವಾದರೆ ಪೂರ್ಣವಿರಾಮ ಹಾಕಬಹುದು. ಸಂಬಂಧ ನಿಕಟವಾಗಿದ್ದರೆ ಅರ್ಧವಿರಾಮ ಒಪ್ಪುತ್ತದೆ. ಅಲ್ಪವಿರಾಮವನ್ನೇ ಉಳಿಸಿಕೊಳ್ಳಬೇಕೆಂದರೆ ಅದರ ಮುಂದೆ 'ಆ್ಯಂಡ್', 'ಬಟ್', 'ಸೋ' ಮುಂತಾದ ಸಂಯೋಜಕವನ್ನು ಇಡಬೇಕು: 'ದಿ ಬಸ್ ಡಿಡ್ ನಾಟ್ ಕಮ್, ಸೋ ವಿ ವಾಕ್ಡ್ ಟು ಸ್ಕೂಲ್.' ನನಗೆ ಹೆಚ್ಚು ಪ್ರಿಯವಾದುದು ಇನ್ನೊಂದು ದಾರಿ. ಮೊದಲ ವಾಕ್ಯವನ್ನು 'ಆಸ್' ಅಥವಾ 'ವೆನ್' ಎಂದು ಆರಂಭಿಸಿ ಅಧೀನಗೊಳಿಸುವುದು. 'ಬಸ್ಸು ಬಾರದಿರಲು' ಎನ್ನುವ ನಮ್ಮ ಜಾಯಮಾನಕ್ಕೆ ಅದೇ ಹತ್ತಿರ. 'ಆ್ಯಂಡ್' ಒಂದನ್ನೇ ನೆಚ್ಚಿದವನ ಬರಹ ದೋಷಮುಕ್ತವಾದರೂ ರುಚಿಗೆಡುತ್ತದೆ.

ಒಂದು ಎಚ್ಚರಿಕೆಯ ಮಾತು: 'ಹೌಎವರ್', 'ದೇರ್‌ಫೋರ್' ಇವು ಸಂಯೋಜಕಗಳಂತೆ ತೋರಿದರೂ ಕ್ರಿಯಾವಿಶೇಷಣಗಳು. ಎರಡು ವಾಕ್ಯಗಳ ನಡುವೆ ಬಂದಾಗ ಇವುಗಳ ಹಿಂದೆ ಅರ್ಧವಿರಾಮವೋ ಪೂರ್ಣವಿರಾಮವೋ ಬೇಕು. ಪದವೀಧರರ ಅರ್ಜಿಗಳಲ್ಲಿಯೂ ಈ ತಪ್ಪನ್ನು ಕಂಡಿದ್ದೇನೆ.

ಇದನ್ನು ಇಂಗ್ಲಿಷ್ ಅಧ್ಯಾಪಕರೊಬ್ಬರೇ ಕಲಿಸಲಾರರು. ಎಂಟನೆಯ ತರಗತಿಯಲ್ಲಿ ವಾರಕ್ಕೊಂದು ಅವಧಿಯನ್ನು ಕನ್ನಡ ಪಂಡಿತರೂ ಇಂಗ್ಲಿಷ್ ಅಧ್ಯಾಪಕರೂ ಕೂಡಿ ನಡೆಸಲಿ. ಕನ್ನಡದ ಒಂದು ದೀರ್ಘ ವಾಕ್ಯವನ್ನು ಕಪ್ಪುಹಲಗೆಯ ಎಡಕ್ಕೆ ಪಂಡಿತರು ಬರೆಯಲಿ. ಅದರ ಇಂಗ್ಲಿಷ್ ರೂಪವನ್ನು ಬಲಕ್ಕೆ ಮಕ್ಕಳೇ ಕಟ್ಟಲಿ. ಕಟ್ಟಡಕ್ಕೂ ಪೀಠೋಪಕರಣಗಳಿಗೂ ಉದಾರವಾಗಿ ನೀಡುತ್ತ ಬಂದಿರುವ ಮಹನೀಯರು ಇದಕ್ಕಾಗಿ ಹಣ ಕೊಡಬೇಕಾದುದೇನೂ ಇಲ್ಲ. ವೇಳಾಪಟ್ಟಿಯಲ್ಲಿ ನಲವತ್ತು ನಿಮಿಷಗಳನ್ನು ಬಿಡಿಸಿಕೊಡುವಂತೆ ಆಡಳಿತ ಮಂಡಳಿಗೆ ಅವರೊಂದು ಮಾತು ಹೇಳಿದರೆ ಸಾಕು.